ಎತ್ತಿನ ಕಿವಿಗೆ ನಂಬರು, ಸೂಜಿ ಹಿಡಿದ ಕೈಗೆ ದಾಖಲೆಯಿಲ್ಲ

ಗದಗ ಸೀಮೆಯ ಕುರ್ತಕೋಟಿಯಂಥ ಊರಿನಲ್ಲಿ ಇವತ್ತು ಗೋದಲಿಗೆ ಕಟ್ಟಿದ ಆಕಳು, ಎಮ್ಮೆ, ಎತ್ತುಗಳ ಕಿವಿಯಲ್ಲಿ ಹಳದಿ ಬಿಲ್ಲೆ ಕಾಣುತ್ತದೆ. ಅದರ ಮೇಲೆ 12 ಅಂಕಿಗಳ ಒಂದು ಸಂಖ್ಯೆ. 2019ರ ಸೆಪ್ಟೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಗೆ ಲಸಿಕೆ ಹಾಕುವಾಗ ಈ ಬಿಲ್ಲೆಯನ್ನೂ ಚುಚ್ಚಿ, ಸಂಖ್ಯೆಯನ್ನು ಕೇಂದ್ರ ಸರ್ಕಾರದ ಗಣಕಕ್ಕೆ ಏರಿಸುತ್ತಾರೆ. ದನದ ತಳಿ, ವಯಸ್ಸು, ಎಷ್ಟನೆಯ ಸೂಲು, ಯಾರ ಮನೆಯದು, ಯಾವತ್ತು ಲಸಿಕೆ ಬಿತ್ತು ಎಂಬುದೆಲ್ಲ ಆ ಸಂಖ್ಯೆಯ ಬೆನ್ನಿಗಿರುತ್ತದೆ. ದನ ಮಾರಾಟವಾಗಿ ಮುಂಡರಗಿಗೋ ಲಕ್ಷ್ಮೇಶ್ವರಕ್ಕೋ ಹೋದರೂ ಸಂಖ್ಯೆ ಅದರ ಜೊತೆಗೇ ಹೋಗುತ್ತದೆ. ಆದರೆ ಆ ದನದ ಮೂಗುದಾರ ಹಿಡಿಸಿ ಸೂಜಿ ಚುಚ್ಚಿದವನಿಗೆ ಅಂಥ ಸಂಖ್ಯೆಯಿಲ್ಲ. ಅವನು ಇಲಾಖೆಯ ಕಾಯಂ ನೌಕರನಾಗಿದ್ದರೆ ಸೇವಾ ಪುಸ್ತಕದಲ್ಲಿ ಹೆಸರಿರುತ್ತದೆ. ಲಸಿಕೆಯ ಸುತ್ತಿಗೆ ಮಾತ್ರ ಕರೆಸಿಕೊಂಡವನಾಗಿದ್ದರೆ ಆ ಸುತ್ತಿನ ಮಟ್ಟಿಗೆ ಒಂದು ಲಾಗಿನ್ ಸಿಕ್ಕೀತು. ನೌಕರಿ ಮುಗಿದ ದಿನ, ಗುತ್ತಿಗೆ ತೀರಿದ ದಿನ, ಲಸಿಕೆಯ ಸುತ್ತು ಕೊನೆಗೊಂಡ ದಿನ ಅವನ ಕಸುಬು ಯಾವ ದಫ್ತರದಲ್ಲೂ ಉಳಿಯುವುದಿಲ್ಲ.

ಇದು ಇಂದಿನ ಆಡಳಿತದ ಮರೆವಿನಿಂದ ಆದದ್ದಲ್ಲ. ಸುಮಾರು ನೂರ ಮೂವತ್ತು ವರ್ಷಗಳಿಂದ ಈ ಸೀಮೆಯಲ್ಲಿ ದನಗಳ ಶುಶ್ರೂಷೆ ನಡೆದುಬಂದ ರೀತಿಯಲ್ಲೇ ಇದರ ಬೇರಿದೆ. ಇಲ್ಲಿ ದಾಖಲೆ ಯಾವಾಗಲೂ ಹುದ್ದೆಗೆ ಅಂಟಿಕೊಂಡಿತು, ಕುಶಲತೆಗೆ ಅಂಟಿಕೊಳ್ಳಲಿಲ್ಲ. ಕೆಲಸದ ಬಹುಪಾಲು ಮಾತ್ರ ಹುದ್ದೆಯ ಹೊರಗೆ ಅಥವಾ ಹುದ್ದೆಯ ಅಂಚಿನಲ್ಲೇ ನಡೆಯಿತು. ವೆಟರ್ನರಿ ನರ್ಸ್ ಎಂದು ಬೇರೆ ದೇಶಗಳಲ್ಲಿ ಕರೆಯುವ ಕಸುಬಿಗೆ ನಮ್ಮಲ್ಲಿ ಕಾಂಪೌಂಡರ್, ಸ್ಟಾಕ್‌ಮನ್, ಪಶುವೈದ್ಯಕೀಯ ಪರೀಕ್ಷಕ, ಲಸಿಕೆದಾರ, ಮೈತ್ರಿ, ಪಶು ಸಖಿ ಎಂದು ಹತ್ತಾರು ಹೆಸರುಗಳಿವೆ. ಹೆಸರು ಯಾವುದೇ ಇರಲಿ, ತರಬೇತಿ ಪಡೆದವರ ನೋಂದಣಿ ವ್ಯಕ್ತಿಯ ಹೆಸರಿಗಿರಬೇಕು, ಕಾಯಂ ನೌಕರಿ ಇದ್ದರೂ ಇಲ್ಲದಿದ್ದರೂ ಉಳಿಯಬೇಕು, ಉಳಿಸಿಕೊಳ್ಳಲು ಕಲಿಕೆಯ ಪುರಾವೆ ಕೊಡಬೇಕು ಎಂಬುದು ಈ ಲೇಖನದ ವಾದ. ಅದಕ್ಕೆ ಬೇಕಾದ ಸಾಕ್ಷ್ಯವನ್ನು ಇಲ್ಲಿನ ಇತಿಹಾಸವೇ ಒದಗಿಸುತ್ತದೆ.

ಗದಗ ಸೀಮೆ ಎರೆಭೂಮಿಯ ನಾಡು. ಮಳೆ ಬಿದ್ದರೆ ಕಾಲು ಹುಗಿಯುವ, ಒಣಗಿದರೆ ಬಿರಿಯುವ ಈ ಮಣ್ಣಿನಲ್ಲಿ ಹರಗಲು, ಬಿತ್ತಲು ಗಟ್ಟಿ ಎತ್ತುಗಳು ಬೇಕಾಗಿದ್ದವು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರಗಳ ಕೃಷ್ಣಾ ಕಣಿವೆ ತಳಿ ಹೆಸರಾದದ್ದು ಇಂಥ ಮಣ್ಣಿನ ಕೆಲಸಕ್ಕೇ. ಒಂದು ಜೋಡಿ ಎತ್ತು ಸತ್ತರೆ ಒಂದು ಹಂಗಾಮೇ ಹೋಗುತ್ತಿತ್ತು. ಹಾಗಾಗಿ ದನದ ಔಷಧ ಇಲ್ಲಿ ಹಳೆಯ ವಿದ್ಯೆ. ಕಲ್ಯಾಣ ಚಾಲುಕ್ಯರ ರಾಜಮನೆತನದ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಅರಸುಮಗನೊಬ್ಬ ದನದ ಬೇನೆಗಳ ಬಗ್ಗೆ, ಅದೂ ಕನ್ನಡದಲ್ಲಿ ಬರೆದನೆಂದರೆ ಆ ವಿದ್ಯೆಗೆ ಆಗ ಎಂಥ ಮನ್ನಣೆ ಇತ್ತೆಂದು ಊಹಿಸಬಹುದು. ಆದರೆ ಗ್ರಂಥ ಬರೆದವನ ಹೆಸರು ಉಳಿಯಿತೇ ಹೊರತು ಊರೂರಲ್ಲಿ ಕೈಯಾರೆ ಆ ಕೆಲಸ ಮಾಡಿದವರ ಹೆಸರು ಉಳಿಯಲಿಲ್ಲ. ಮುರಿದ ಕೋಡಿಗೆ ಪಟ್ಟಿ ಕಟ್ಟುವವರು, ಹೊಟ್ಟೆ ಉಬ್ಬರಕ್ಕೆ ಗೊಟ್ಟದಲ್ಲಿ ಔಷಧ ಹೊಯ್ಯುವವರು, ಹೋರಿಯ ಬೀಜ ಒಡೆಯುವವರು ಮನೆತನದಿಂದಲೋ ಕೈಗುಣದಿಂದಲೋ ಗುರುತಾಗುತ್ತಿದ್ದರು. ಊರಿನ ನೆನಪೇ ಅವರ ದಾಖಲೆ. ಆ ವ್ಯವಸ್ಥೆಗೆ ಒಂದು ಬಲವಿತ್ತು: ಕೆಟ್ಟ ಕೈಯನ್ನು ಊರು ಮತ್ತೆ ಕರೆಯುತ್ತಿರಲಿಲ್ಲ. ಒಂದು ಕೊರತೆಯೂ ಇತ್ತು: ಊರ ಗಡಿ ದಾಟಿದರೆ ಆ ನೆನಪಿಗೆ ಬೆಲೆಯಿರಲಿಲ್ಲ.

ಊರ ಗಡಿ ದಾಟುವ ಅಗತ್ಯ ತಂದದ್ದು ದೊಡ್ಡರೋಗ. ಜ್ವರ, ಬಾಯಿ ಹುಣ್ಣು, ಭೇದಿಯಿಂದ ಮಂದೆಗಳನ್ನೇ ಮಲಗಿಸುತ್ತಿದ್ದ ಈ ಬೇನೆಯ ಹಾವಳಿ ನೋಡಿಯೇ 1871ರಲ್ಲಿ ಬ್ರಿಟಿಷ್ ಸರ್ಕಾರ ಜಾನುವಾರು ಪಿಡುಗಿನ ಆಯೋಗವೊಂದರ ವರದಿ ಪಡೆಯಿತು. 1886ರಲ್ಲಿ ಮುಂಬಯಿಯ ಪರೇಲಿನಲ್ಲಿ ಪಶುವೈದ್ಯಕೀಯ ಕಾಲೇಜು ತೆರೆಯಿತು. 1889ರಲ್ಲಿ ಪುಣೆಯಲ್ಲಿ ಸೂಕ್ಷ್ಮಜೀವಿಗಳ ಪ್ರಯೋಗಾಲಯ ಬಂದು, ಕೆಲವೇ ವರ್ಷಗಳಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. 1890ರ ದಶಕದ ಆರಂಭದಲ್ಲಿ ಸಿವಿಲ್ ಪಶುವೈದ್ಯ ಇಲಾಖೆ ರೂಪುಗೊಂಡಿತು. ಆಗ ಗದಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ತಾಲ್ಲೂಕು. ಪಕ್ಕದ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರುವವರೆಗೂ ಒಂದು ದಿನದ ಎತ್ತಿನ ಬಂಡಿಯ ದಾರಿಯಲ್ಲಿ ಮೂರು ಆಡಳಿತಗಳಿದ್ದವು. ಸಂತೆಯಿಂದ ಸಂತೆಗೆ ನಡೆದ ದನಗಳಿಗೂ ಅವುಗಳ ಬೇನೆಗೂ ಈ ಗಡಿಗಳು ಲೆಕ್ಕಕ್ಕಿರಲಿಲ್ಲ. ಬೇನೆಯ ಹಿಂದೆ ಹೋಗಬೇಕಾದವನ ಅಧಿಕಾರ ಮಾತ್ರ ಅವನ ನೇಮಕದ ಆದೇಶ ಹೇಳಿದಷ್ಟೇ ದೂರ. ಅವನ ಅರ್ಹತೆಯನ್ನು ಎಲ್ಲರೂ ಒಪ್ಪುವಂಥ ದಾಖಲೆಯೊಂದು ಇರಲಿಲ್ಲ.

ನೋಂದಣಿ ಎಂಬ ವಿಚಾರ ಈ ಸೀಮೆಗೆ ಅಪರಿಚಿತವಾಗಿತ್ತೇ ಎಂದರೆ ಹಾಗೇನೂ ಇಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘ ನೋಂದಣಿಯಾಯಿತು. ನೋಂದಣಿಯಾದ ಸಂಘಕ್ಕೆ ತನ್ನದೇ ಅಸ್ತಿತ್ವ ಬರುತ್ತದೆ, ಅಧ್ಯಕ್ಷರು ಬದಲಾದರೂ ಸಂಘ ಉಳಿಯುತ್ತದೆ ಎಂಬುದನ್ನು ಇಲ್ಲಿನ ರೈತರು ದೇಶದ ಉಳಿದವರಿಗಿಂತ ಮೊದಲೇ ಕಂಡುಕೊಂಡರು. ಮನುಷ್ಯರ ವೈದ್ಯದಲ್ಲೂ ಇದೇ ಕಾಲಕ್ಕೆ ರಿಜಿಸ್ಟರುಗಳು ಬಂದವು. 1912ರ ಮುಂಬಯಿ ವೈದ್ಯಕೀಯ ಕಾಯ್ದೆ ಡಾಕ್ಟರರ ಪಟ್ಟಿ ಮಾಡಿತು. 1935ರ ಮುಂಬಯಿ ಕಾಯ್ದೆಯೊಂದು ನರ್ಸು, ಸೂಲಗಿತ್ತಿ, ಆರೋಗ್ಯ ಸಂದರ್ಶಕಿಯರ ಹೆಸರುಗಳನ್ನೂ ಪಟ್ಟಿಗೆ ತಂದಿತು. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. ಅಂದಿನಿಂದ ಗದಗಿನ ನರ್ಸೊಬ್ಬಳು ಮದುವೆಯ ನಂತರ, ಬಾಣಂತನದ ನಂತರ, ಒಂದು ಆಸ್ಪತ್ರೆ ಬಿಟ್ಟು ಇನ್ನೊಂದು ಸೇರುವ ನಡುವೆ ಮನೆಯಲ್ಲಿದ್ದರೂ ನರ್ಸೇ. ಆಕೆಯ ನೋಂದಣಿ ಆಕೆಯದು. ಅದೇ ಪ್ರಾಂತದ, ಅದೇ ಜಿಲ್ಲೆಯ ದನದ ದವಾಖಾನಿಯ ಕಾಂಪೌಂಡರನಿಗೆ ಇಂಥದ್ದೊಂದು ಯಾವ ಕಾಯ್ದೆಯಿಂದಲೂ ಬರಲಿಲ್ಲ. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಔಷಧ ಅಳೆಯುವುದು ಎರಡೂ ಕಡೆ ಒಂದೇ ಬಗೆಯ ಕೆಲಸ. ಒಂದರಲ್ಲಿ ಕೆಲಸ ಕಲಿತವಳಿಗೆ ಪಟ್ಟಿಯಲ್ಲಿ ಸ್ಥಾನ, ಇನ್ನೊಂದರಲ್ಲಿ ಕೆಲಸ ಕಲಿತವನಿಗೆ ಬರೀ ಪಗಾರದ ಪುಸ್ತಕ.

ಸ್ವಾತಂತ್ರ್ಯದ ನಂತರ ಈ ವರ್ಗ ಒಮ್ಮೆಲೇ ಬೆಳೆಯಿತು. ಮೊದಲ ಪಂಚವಾರ್ಷಿಕ ಯೋಜನೆಯ ಕೀ ವಿಲೇಜ್ ಯೋಜನೆ ತಳಿ ಸುಧಾರಣೆಗೆ ಸ್ಟಾಕ್‌ಮನ್‌ಗಳನ್ನು ಹಳ್ಳಿಗಿಳಿಸಿತು. 1954ರಲ್ಲಿ ದೊಡ್ಡರೋಗ ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದಾಗ ಇಟ್ಟುಕೊಂಡ ಗುರಿ ಐದು ವರ್ಷಗಳಲ್ಲಿ ದನ, ಎಮ್ಮೆಗಳ ಪೈಕಿ ಶೇಕಡ 80ಕ್ಕೆ ಲಸಿಕೆ. ಅಷ್ಟು ಸೂಜಿಗಳನ್ನು ಚುಚ್ಚಲು ಆಗಿನ ಪದವೀಧರ ಪಶುವೈದ್ಯರ ಸಂಖ್ಯೆ ಎಲ್ಲಿಗೂ ಸಾಲುವಂತಿರಲಿಲ್ಲ. ಮುಕ್ತೇಶ್ವರದಲ್ಲಿ 1920ರ ದಶಕದಲ್ಲಿ ಜೆ. ಟಿ. ಎಡ್ವರ್ಡ್ಸ್ ಆಡಿನ ಮೈಯಲ್ಲಿ ಪಳಗಿಸಿದ ರೋಗಾಣುವಿನಿಂದ ತಯಾರಾದ ಲಸಿಕೆ ಮುಂದೆ ಒಣಪುಡಿಯ ರೂಪದಲ್ಲಿ ಗಾಜಿನ ಆಂಪ್ಯೂಲಿನೊಳಗೆ ಹಳ್ಳಿಗೆ ಬರುತ್ತಿತ್ತು. ಬರ್ಫ ತುಂಬಿದ ಥರ್ಮಾಸಿನಲ್ಲಿ ಅದನ್ನು ಹೊತ್ತೊಯ್ಯಬೇಕು. ಊರಿಗೆ ಹೋಗಿ, ದನಗಳನ್ನು ಕೂಡಿಸಿದ ಮೇಲೆಯೇ ಆಂಪ್ಯೂಲು ಒಡೆಯಬೇಕು. ತಣ್ಣಗಿನ ಲವಣದ ನೀರಿನಲ್ಲಿ ಕಲಸಿದ ಮೇಲೆ ಬೇಗ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಬಿಸಿಲಿಗೆ ಕಾದ ಲಸಿಕೆಯನ್ನು ಹಾಕಿದರೂ ದನದ ಮೈಮೇಲೆ ಸೂಜಿಯ ಗುರುತು ಬೀಳುತ್ತದೆ, ಪುಸ್ತಕದಲ್ಲಿ ಲೆಕ್ಕವೂ ಬೀಳುತ್ತದೆ. ರೋಗ ಬಂದಾಗಲೇ ಅದು ಸುಳ್ಳೆಂದು ಗೊತ್ತಾಗುವುದು. ಅಂದರೆ ಇಡೀ ಕಾರ್ಯಕ್ರಮ ನಿಂತಿದ್ದದ್ದು, ಯಾರೂ ನೋಡದ ಹೊತ್ತಿನಲ್ಲಿ ಸರಿಯಾಗಿ ನಡೆದುಕೊಂಡ ತಳಹಂತದ ಕೈಗಳ ಮೇಲೆ. ದೇಶದಲ್ಲಿ ದೊಡ್ಡರೋಗ ಕಡೆಯ ಬಾರಿ ಕಂಡದ್ದು 1995ರಲ್ಲಿ. 2006ರಲ್ಲಿ ಭಾರತ ರೋಗಮುಕ್ತವೆನಿಸಿತು, 2011ರಲ್ಲಿ ಜಗತ್ತೇ ಮುಕ್ತವಾಯಿತು. ಸಿಡುಬಿನ ನಂತರ ಮನುಷ್ಯ ಭೂಮಿಯಿಂದಲೇ ಅಳಿಸಿಹಾಕಿದ ಎರಡನೆಯ ರೋಗ ಇದು. ಸಂಶೋಧಕರ ಹೆಸರುಗಳು ಪುಸ್ತಕಗಳಲ್ಲಿವೆ. ಸೂಜಿ ಹಾಕಿದವರನ್ನು ವೃತ್ತಿಯವರೆಂದು ಗುರುತಿಸುವ ಪಟ್ಟಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಇದೇ ಹೊತ್ತಿಗೆ ಕೆಲಸ ಹುದ್ದೆಯಿಂದ ಹೊರಗೆ ಹರಿಯಲಾರಂಭಿಸಿತು. 1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರ್ಮಿನಲ್ಲಿ ಸಂಪತ್‌ಕುಮಾರನ್ ದೇಶದಲ್ಲೇ ಮೊದಲಿಗೆ ಕೃತಕ ಗರ್ಭಧಾರಣೆ ಮಾಡಿದಾಗ ಅದು ವಿಜ್ಞಾನಿಯ ಪ್ರಯೋಗ. ನಾಲ್ಕು ದಶಕ ಕಳೆಯುವಷ್ಟರಲ್ಲಿ ಅದು ಸೈಕಲ್ಲಿನ ಮೇಲೆ, ಆಮೇಲೆ ಮೋಟಾರ್ ಸೈಕಲ್ಲಿನ ಮೇಲೆ ಮನೆಬಾಗಿಲಿಗೆ ಬಂತು. ಮಣಿಭಾಯಿ ದೇಸಾಯಿ 1967ರಲ್ಲಿ ಕಟ್ಟಿದ ಬೈಫ್ ಸಂಸ್ಥೆ, ಹಾಲು ಒಕ್ಕೂಟಗಳು, 2014ರಲ್ಲಿ ಶುರುವಾದ ರಾಷ್ಟ್ರೀಯ ಗೋಕುಲ ಮಿಷನ್ನಿನಡಿ ತಯಾರಾದ ‘ಮೈತ್ರಿ’ಗಳು, ಇವರೆಲ್ಲ ಸರ್ಕಾರಿ ಹುದ್ದೆಯ ಹೊರಗಿನವರು. ಮೈತ್ರಿಗೆ ಕೆಲವು ತಿಂಗಳ ತರಬೇತಿ, ಒಂದಿಷ್ಟು ಸಲಕರಣೆ. ಆಮೇಲೆ ರೈತ ಕೊಡುವ ಶುಲ್ಕವೇ ಅವನ ಗಳಿಕೆ. ಕೆಲಸವೇನು ಸಸಾರದ್ದಲ್ಲ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ವೀರ್ಯದ ಕಡ್ಡಿಯನ್ನು ಚಿಮಟಿಗೆಯಿಂದೆತ್ತಿ, 37 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಒರೆಸಿ, ಗನ್ನಿಗೆ ಏರಿಸಿ, ಎಡಗೈಯನ್ನು ಗುದದ್ವಾರದಿಂದ ಒಳಗೆ ಹಾಕಿ ಗರ್ಭಕೊರಳನ್ನು ಹಿಡಿದು ಸರಿಯಾದ ಜಾಗಕ್ಕೆ ಬಿಡಬೇಕು. ನೀರು ಹೆಚ್ಚು ಬಿಸಿಯಿದ್ದರೆ, ಕಡ್ಡಿ ಗಾಳಿಯಲ್ಲಿ ಹೊತ್ತು ಕಳೆದರೆ, ಕೈ ಕೊಳೆಯಿದ್ದರೆ ಆಕಳು ಕಟ್ಟುವುದಿಲ್ಲ, ಇಲ್ಲವೇ ಗರ್ಭಕೋಶಕ್ಕೆ ನಂಜೇರುತ್ತದೆ. ಒಂದು ವರ್ಷ ಇದನ್ನು ಮಾಡದೆ ಬಿಟ್ಟವನ ಬೆರಳಿಗೆ ಮೊದಲಿನ ಅಂದಾಜು ಇರುವುದಿಲ್ಲ.

ಕಾನೂನು ಈ ಬದಲಾವಣೆಯನ್ನು ಕಂಡಿತೇ? 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ ಪದವೀಧರ ಪಶುವೈದ್ಯರಿಗೆ ರಿಜಿಸ್ಟರ್ ಕೊಟ್ಟಿತು. 1989ರಲ್ಲಿ ಪರಿಷತ್ತು ರಚನೆಯಾಯಿತು, ರಾಜ್ಯಗಳಲ್ಲೂ ಪರಿಷತ್ತುಗಳು ಬಂದವು. ನೋಂದಾಯಿತ ಪಶುವೈದ್ಯ ಸರ್ಕಾರಿ ನೌಕರಿ ಬಿಟ್ಟರೂ, ನಿವೃತ್ತನಾದರೂ, ನಡುವೆ ಬೇರೆ ಕೆಲಸಕ್ಕೆ ಹೋದರೂ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಪಟ್ಟಿಯಲ್ಲಿ ಉಳಿಯುತ್ತಾನೆ. ಅದೇ ಕಾಯ್ದೆಯ 30ನೆಯ ಕಲಮು ತಳಹಂತದವರ ಬಗ್ಗೆ ಒಂದು ಕಿಂಡಿ ಬಿಟ್ಟಿದೆ. ಡಿಪ್ಲೊಮಾ ಅಥವಾ ಪ್ರಮಾಣಪತ್ರವಿರುವ ಪಶುವೈದ್ಯಕೀಯ ಮೇಲ್ವಿಚಾರಕ, ಸ್ಟಾಕ್‌ಮನ್, ಸ್ಟಾಕ್ ಅಸಿಸ್ಟೆಂಟರಿಗೆ ನೋಂದಾಯಿತ ಪಶುವೈದ್ಯನ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ಕಿರು ಪಶುವೈದ್ಯಕೀಯ ಸೇವೆ ಕೊಡಲು ರಾಜ್ಯ ಸರ್ಕಾರ ಆದೇಶದ ಮೂಲಕ ಅನುಮತಿ ಕೊಡಬಹುದು. ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಸರ್ಕಾರ ಹೆಸರಿಸುವ ಇತರ ಪ್ರಾಥಮಿಕ ಉಪಚಾರಗಳು ಇದರಲ್ಲಿ ಸೇರುತ್ತವೆ. ಗಮನಿಸಬೇಕಾದ್ದು ಎರಡು ಸಂಗತಿ. ಕಾಯ್ದೆ ಇಲ್ಲಿ ನೌಕರಿಯ ಮಾತೆತ್ತಿಲ್ಲ, ಪ್ರಮಾಣಪತ್ರದ ಮಾತೆತ್ತಿದೆ. ಆದರೆ ಆ ಪ್ರಮಾಣಪತ್ರ ಹಿಡಿದವರ ಪಟ್ಟಿಯನ್ನು ಯಾರು ಇಟ್ಟುಕೊಳ್ಳಬೇಕು, ಹೇಗೆ ನವೀಕರಿಸಬೇಕು ಎಂಬುದನ್ನು ಹೇಳಿಲ್ಲ. ಹೇಳದ ಜಾಗವನ್ನು ಹಳೆಯ ರೂಢಿ ತುಂಬಿತು: ಇಲಾಖೆಯ ಹುದ್ದೆಯಲ್ಲಿದ್ದವನು ಅಧಿಕೃತ, ಉಳಿದವನು ಯಾರೋ. ಹಿಮಾಚಲ ಪ್ರದೇಶದಂಥ ರಾಜ್ಯ ಈ ವರ್ಗಕ್ಕೆಂದೇ ಪ್ರತ್ಯೇಕ ಮಂಡಳಿಯ ಕಾಯ್ದೆ ಮಾಡಿಕೊಂಡಿದೆ. ಕರ್ನಾಟಕದಲ್ಲಿ ಅಂಥ ಶಾಸನಬದ್ಧ ರಿಜಿಸ್ಟರ್ ಇಲ್ಲ.

ಬ್ರಿಟನ್ನಿನ ಇತಿಹಾಸವನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡುವುದು ಒಳ್ಳೆಯದು, ಅನುಕರಣೆಗಲ್ಲ, ಹೋಲಿಕೆಗೆ. ಅಲ್ಲಿಯೂ ಇದು ಒಮ್ಮೆಗೇ ಆದದ್ದಲ್ಲ. 1961ರಲ್ಲಿ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಮೊದಲ ತರಬೇತಿ ಯೋಜನೆ ತಂದಾಗ ಅವರನ್ನು ನರ್ಸ್ ಎನ್ನುವಂತಿರಲಿಲ್ಲ, ಆ ಹೆಸರು ಮನುಷ್ಯರ ನರ್ಸುಗಳಿಗೆ ಮೀಸಲಾಗಿತ್ತು. ಪ್ರಾಣಿ ಶುಶ್ರೂಷಾ ಸಹಾಯಕರು ಎಂದೇ ಕರೆದರು. 1984ರಲ್ಲಿ ವೆಟರ್ನರಿ ನರ್ಸ್ ಎಂಬ ಹೆಸರು ಬಂತು. 1991ರಲ್ಲಿ ಕಾನೂನು ಅವರಿಗೆ ಕೆಲವು ಕೆಲಸಗಳನ್ನು ಬಿಟ್ಟುಕೊಟ್ಟಿತು. 2007ರಲ್ಲಿ ವೃತ್ತಿ ನಿಯಮಗಳಿಗೆ ಬದ್ಧವಾದ ರಿಜಿಸ್ಟರ್ ತೆರೆಯಿತು, 2015ರಲ್ಲಿ ಹೊಸ ರಾಯಲ್ ಸನದು ಅದಕ್ಕೆ ಭದ್ರ ಬುನಾದಿ ಕೊಟ್ಟಿತು. ಈಗ ಪಟ್ಟಿಯಲ್ಲಿರುವ ಪ್ರತಿ ನರ್ಸೂ ವರ್ಷಕ್ಕೆ 15 ಗಂಟೆಗಳ ಕಲಿಕೆಯ ಲೆಕ್ಕ ಕೊಡಬೇಕು. ಕ್ಲಿನಿಕ್ಕಿನಲ್ಲಿದ್ದರೂ ಸರಿ, ಕಾಲೇಜಿನಲ್ಲಿ ಕಲಿಸುತ್ತಿದ್ದರೂ ಸರಿ, ಅಲ್ಲಿ ಇಲ್ಲಿ ಬದಲಿ ಕೆಲಸ ಮಾಡುತ್ತಿದ್ದರೂ ಸರಿ. ಐದು ವರ್ಷಕ್ಕೂ ಮಿಕ್ಕಿ ಪಟ್ಟಿಯಿಂದ ಹೊರಗಿದ್ದು ಮರಳುವವರು ಒಂದು ಅವಧಿ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ತೋರಿಸಬೇಕು. ಇಷ್ಟಿದ್ದರೂ ಪಟ್ಟಿಯಲ್ಲಿ ಹೆಸರಿದೆ ಎಂಬ ಮಾತ್ರಕ್ಕೆ ಅವರು ಸ್ವಂತ ಚಿಕಿತ್ಸೆ ಮಾಡುವಂತಿಲ್ಲ. ಪಶುವೈದ್ಯನ ನಿರ್ದೇಶನವಿದ್ದಾಗಲೇ ಕಾನೂನು ಬಿಟ್ಟುಕೊಟ್ಟ ಕೆಲಸಗಳನ್ನು ಮಾಡಬಹುದು.

ಈ ಕೊನೆಯ ಅಂಶದಲ್ಲೇ ನಮ್ಮ ಗೊಂದಲದಿಂದ ಬಿಡುಗಡೆ ಇದೆ. ನೋಂದಣಿ ಬೇರೆ, ಕೆಲಸ ಮಾಡುವ ಅಧಿಕಾರ ಬೇರೆ. ನೋಂದಣಿ ಹೇಳುವುದು ಇಷ್ಟು: ಈ ವ್ಯಕ್ತಿ ಇಂಥದ್ದನ್ನು ಕಲಿತಿದ್ದಾನೆ, ಕಲಿತದ್ದನ್ನು ಇತ್ತೀಚೆಗೆ ಪರೀಕ್ಷೆಗೊಡ್ಡಿದ್ದಾನೆ, ತಪ್ಪು ಮಾಡಿದರೆ ಕೇಳುವ ಮಂಡಳಿಯೊಂದಿದೆ. ಅಧಿಕಾರ ಬರುವುದು ಮೇಲ್ವಿಚಾರಣೆಯಿಂದ. ನಾವು ಇವೆರಡನ್ನೂ ಹುದ್ದೆ ಎಂಬ ಒಂದೇ ಗೂಟಕ್ಕೆ ಕಟ್ಟಿದೆವು. ಗೂಟ ಕಿತ್ತರೆ ಎರಡೂ ಹೋಗುತ್ತವೆ. ಪರಿಣಾಮವಾಗಿ ಮೂವತ್ತು ವರ್ಷ ಸೂಜಿ ಹಿಡಿದು ನಿವೃತ್ತನಾದ ಪರೀಕ್ಷಕನೂ ನಿನ್ನೆ ಔಷಧದಂಗಡಿಯಿಂದ ಸಿರಿಂಜು ಕೊಂಡವನೂ ಕಾನೂನಿನ ಕಣ್ಣಿಗೆ ಒಂದೇ ಆಗುತ್ತಾರೆ.

ವ್ಯಕ್ತಿಯ ಹೆಸರಿಗೇ ನೋಂದಣಿ ಇರಬೇಕೆಂಬ ವಾದಕ್ಕೆ ಪಶುವೈದ್ಯರ ಕಡೆಯಿಂದ ಬರುವ ಆಕ್ಷೇಪ ಗಂಭೀರವಾದದ್ದು. ಇಂಥವರಿಗೆಲ್ಲ ನೋಂದಣಿ ಸಂಖ್ಯೆ ಕೊಟ್ಟರೆ ನಾಳೆ ಫಲಕ ಹಾಕಿಕೊಂಡು ಡಾಕ್ಟರಿಕೆಗೆ ಕೂರುತ್ತಾರೆ, ಆ್ಯಂಟಿಬಯಾಟಿಕ್ ಬೇಕಾಬಿಟ್ಟಿ ಚುಚ್ಚುತ್ತಾರೆ ಎಂಬ ಭಯ ಆಧಾರವಿಲ್ಲದ್ದೇನೂ ಅಲ್ಲ. ಹಳ್ಳಿಗಳಲ್ಲಿ ಅಂಥದ್ದು ನಡೆಯುತ್ತಲೂ ಇದೆ. ಆದರೆ ನಡೆಯುತ್ತಿರುವುದು ನೋಂದಣಿ ಇರುವುದರಿಂದಲ್ಲ, ಇಲ್ಲದಿರುವುದರಿಂದ. ಪಟ್ಟಿಯೇ ಇಲ್ಲದ ಮೇಲೆ ಪಟ್ಟಿಯಿಂದ ತೆಗೆದುಹಾಕುವ ಬೆದರಿಕೆಯೂ ಇಲ್ಲ. ಕಾಯಂ ನೌಕರ ತಪ್ಪು ಮಾಡಿದರೆ ಇಲಾಖಾ ವಿಚಾರಣೆಯುಂಟು. ಹೊರಗಿನವನ ತಪ್ಪಿಗೆ ರೈತ ಯಾರ ಹತ್ತಿರ ಹೋಗಬೇಕು? ಪೊಲೀಸ್ ಠಾಣೆಯೊಂದೇ ದಾರಿ. ಆ ದಾರಿಯನ್ನು ಒಂದು ಕರು ಕಳೆದುಕೊಂಡವನು ಹಿಡಿಯುವುದು ಅಪರೂಪ. 1935ರಲ್ಲಿ ನರ್ಸುಗಳಿಗೆ ರಿಜಿಸ್ಟರ್ ಬಂದದ್ದರಿಂದ ಮುಂಬಯಿ ಪ್ರಾಂತದ ಡಾಕ್ಟರರ ವೃತ್ತಿಗೆ ಧಕ್ಕೆ ಬರಲಿಲ್ಲ. ಗೆರೆ ಸ್ಪಷ್ಟವಾದಷ್ಟೂ ಎರಡೂ ಕಡೆಯವರಿಗೆ ಅನುಕೂಲ.

ಎರಡನೆಯ ಆಕ್ಷೇಪ ಕಾಗದದ ಮೇಲಿನ ಅಪನಂಬಿಕೆಯದು. ಪ್ರಮಾಣಪತ್ರ ಯಾರು ಬೇಕಾದರೂ ತರಬಹುದು, ಕಾಗದದಿಂದ ಕೈ ಕುದುರುವುದಿಲ್ಲ ಎನ್ನುತ್ತಾರೆ. ಈ ಮಾತಿಗೆ ಕುರ್ತಕೋಟಿಯಲ್ಲೇ ಹಳೆಯ ಪುರಾವೆಯಿದೆ. ಇಲ್ಲಿ ಸಿಕ್ಕ ತಾಮ್ರಶಾಸನವೊಂದು ಬಾದಾಮಿ ಚಾಲುಕ್ಯ ಒಂದನೆಯ ವಿಕ್ರಮಾದಿತ್ಯನ ದಾನವೆಂದು ಹೇಳಿಕೊಳ್ಳುತ್ತದೆ, ಕೊಡುವ ತೇದಿ ಮಾತ್ರ ಶಕ 532, ಅಂದರೆ ಕ್ರಿ.ಶ. 610ರ ಸುಮಾರು. ಆಗ ಆ ವಿಕ್ರಮಾದಿತ್ಯನ ತಂದೆ ಇಮ್ಮಡಿ ಪುಲಕೇಶಿ ಆಗಷ್ಟೇ ಪಟ್ಟಕ್ಕೆ ಬಂದ ಕಾಲ. ಶಾಸನತಜ್ಞ ಜೆ. ಎಫ್. ಫ್ಲೀಟ್ ಅದನ್ನು ಕೂಟಶಾಸನಗಳ ಸಾಲಿಗೆ ಸೇರಿಸಿದರು. ಹಕ್ಕು ಬೇಕಾದವರು ತಾಮ್ರದ ಮೇಲೂ ಸುಳ್ಳು ಕೊರೆಯುತ್ತಾರೆ ಎಂಬುದು ನಿಜ. ಆದರೆ ಆ ಸುಳ್ಳು ಸಿಕ್ಕಿಬಿದ್ದದ್ದು ಹೇಗೆ? ಅದೇ ರಾಜವಂಶದ ಇತರ ಶಾಸನಗಳೊಡನೆ ಹೋಲಿಸಿ ನೋಡಿದಾಗ. ಬಿಡಿ ಪತ್ರವನ್ನು ಮನೆಯಲ್ಲಿಟ್ಟುಕೊಂಡವನನ್ನು ಹಿಡಿಯುವುದು ಕಷ್ಟ, ಎಲ್ಲರ ಹೆಸರೂ ಒಂದೆಡೆ ಇದ್ದು, ಯಾರು ಬೇಕಾದರೂ ತೆಗೆದು ನೋಡುವಂತಿದ್ದರೆ ನಕಲಿ ತಾನಾಗಿ ಹೊರಬೀಳುತ್ತದೆ. ಕಾಗದದಿಂದ ಕೈ ಕುದುರುವುದಿಲ್ಲ ಎಂಬ ಉಳಿದರ್ಧ ಮಾತೂ ನಿಜವೇ. ಅದಕ್ಕಾಗಿಯೇ ನೋಂದಣಿಗೆ ಅವಧಿ ಇರಬೇಕು. ಒಮ್ಮೆ ಕೊಟ್ಟು ಮರೆಯುವ ಪ್ರಮಾಣಪತ್ರ, ಬಿಟ್ಟ ಕೈ ಜಡ್ಡುಗಟ್ಟಿತೆಂಬುದನ್ನು ಮುಚ್ಚಿಡುತ್ತದೆ. ನವೀಕರಣ ಕೇಳುವ ನೋಂದಣಿ ಅದನ್ನು ಬಯಲಿಗೆ ತರುತ್ತದೆ.

ಮೂರನೆಯದು ರೈತನ ಕಡೆಯ ಮಾತು: ನಮಗೆ ಗುರುತಿನವನಿದ್ದಾನೆ, ಕರೆದರೆ ರಾತ್ರಿಯೂ ಬರುತ್ತಾನೆ, ಅವನ ನಂಬರು ಕಟ್ಟಿಕೊಂಡು ನಮಗೇನಾಗಬೇಕು? ಊರ ನೆನಪು ಎಂಬ ಹಳೆಯ ದಾಖಲೆಯ ಬಲ ಈ ಮಾತಿನಲ್ಲಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೈಗುಣವನ್ನು ಊರು ಅಳೆಯಬಲ್ಲುದು ಕಣ್ಣಿಗೆ ಕಾಣುವ ಕೆಲಸದಲ್ಲಿ ಮಾತ್ರ. ಬರ್ಡಿಜ್ಜೊ ಇಕ್ಕಳದಿಂದ ಹೋರಿಯ ಬೀಜದ ನರ ಅದುಮುವಾಗ ಚರ್ಮ ಹರಿಯದೆ ಒಳಗಿನ ನರ ಮಾತ್ರ ಜಜ್ಜಬೇಕು. ನರ ಜಾರಿದರೆ ಕೆಲವು ತಿಂಗಳಲ್ಲಿ ಹೋರಿ ಹೋರಿಯಾಗೇ ಉಳಿದದ್ದು ಊರಿಗೆಲ್ಲ ಗೊತ್ತಾಗುತ್ತದೆ. ಕಂದುರೋಗದ (ಬ್ರುಸೆಲ್ಲೋಸಿಸ್) ಲಸಿಕೆ ಹಾಗಲ್ಲ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಮಾತ್ರ ಹಾಕುವ ಈ ಲಸಿಕೆಯಲ್ಲಿರುವುದು ಜೀವಂತ ರೋಗಾಣು. ಕರು ಕೊಸರಿ ಸೂಜಿ ಹಾಕುವವನ ಬೆರಳಿಗೇ ಚುಚ್ಚಿದರೆ, ಕಣ್ಣಿಗೆ ಸಿಡಿದರೆ ಅವನಿಗೇ ರೋಗ ತಗಲಬಹುದು, ತಿಂಗಳುಗಟ್ಟಲೆ ಬಂದುಹೋಗುವ ಜ್ವರ, ಕೀಲುನೋವು. ಕೈಗವಸು, ಕನ್ನಡಕ, ಚುಚ್ಚಿಕೊಂಡರೆ ಮಾಡಬೇಕಾದ ಚಿಕಿತ್ಸೆ ಇವನ್ನು ಅವನಿಗೆ ತಿಳಿಸುವವರು ಯಾರು, ಅವನು ಯಾರ ಪಟ್ಟಿಯಲ್ಲೂ ಇಲ್ಲದಿದ್ದರೆ? 2022ರಲ್ಲಿ ಚರ್ಮಗಂಟು ರೋಗ ಕರ್ನಾಟಕದಲ್ಲಿ ಹಬ್ಬಿದಾಗ ಆಡಿನ ಸಿಡುಬಿನ ಲಸಿಕೆಯನ್ನು ದನಗಳಿಗೆ ಹಾಕಬೇಕಾಯಿತು. ಅಂಥ ಹೊಸ ಸೂಚನೆ ತಟ್ಟನೆ ತಲುಪಬೇಕಾದದ್ದು ಕಾಯಂ ನೌಕರರಿಗಷ್ಟೇ ಅಲ್ಲ. ನೋಂದಣಿಯಿಂದ ರೈತನಿಗೆ ರಕ್ಷಣೆ ಸಿಗುವಂತೆ ಕೆಲಸಗಾರನಿಗೂ ಸಿಗುತ್ತದೆ ಎಂಬುದು ಈ ಚರ್ಚೆಯಲ್ಲಿ ಮರೆಯಾಗುವ ಅಂಶ.

ಕೊನೆಯದಾಗಿ, ನೌಕರರ ಸಂಘಗಳ ಬಾಯಲ್ಲಿ ಸಹಜವಾಗಿ ಬರುವ ಪ್ರಶ್ನೆ: ಖಾಲಿ ಹುದ್ದೆಗಳನ್ನು ತುಂಬಿ, ಎಲ್ಲರನ್ನೂ ಕಾಯಂ ಮಾಡಿದರೆ ಈ ಉಸಾಬರಿಯೇ ಬೇಡವಲ್ಲ? ಹುದ್ದೆ ತುಂಬಬೇಕೆಂಬುದರಲ್ಲಿ ಎರಡು ಮಾತಿಲ್ಲ. 5,000 ಜಾನುವಾರು ಘಟಕಗಳಿಗೆ ಒಬ್ಬ ಪಶುವೈದ್ಯ ಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ ಹೇಳಿದ್ದು 1976ರಲ್ಲಿ. ಆದರೆ ಆ ಶಿಫಾರಸಿನ ನಂತರದ ಅರ್ಧ ಶತಮಾನದಲ್ಲಿ ಸರ್ಕಾರಗಳು ಹೋದ ದಾರಿ ಬೇರೆ. 1962ಕ್ಕೆ ಕರೆ ಮಾಡಿದರೆ ಮನೆಬಾಗಿಲಿಗೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನವನ್ನೇ ನೋಡಬಹುದು. ಲಕ್ಷ ಜಾನುವಾರುಗಳಿಗೆ ಒಂದು ವಾಹನ, ಅದರಲ್ಲಿ ಒಬ್ಬ ಪಶುವೈದ್ಯ, ಒಬ್ಬ ಪ್ಯಾರಾವೆಟ್, ಒಬ್ಬ ಚಾಲಕ ಎಂಬುದು ಕೇಂದ್ರದ ಲೆಕ್ಕ. ಇಲ್ಲಿ ಸಿಬ್ಬಂದಿ ಬರುವುದು ಹೊರಗುತ್ತಿಗೆಯಿಂದ. ಲಸಿಕೆ, ಗರ್ಭಧಾರಣೆ, ತುರ್ತು ಚಿಕಿತ್ಸೆ ಮೂರೂ ಹೀಗೆ ಕಾಯಂ ಹುದ್ದೆಯಿಂದ ಆಚೆಗೆ ಹೋಗಿಯಾಗಿದೆ. ಇನ್ನು ಎಲ್ಲರೂ ಕಾಯಂ ಆದರೆಂದೇ ಇಟ್ಟುಕೊಳ್ಳೋಣ. ಆಗಲೂ ನಿವೃತ್ತರಿರುತ್ತಾರೆ, ಹೆರಿಗೆ ರಜೆಯವರಿರುತ್ತಾರೆ, ಡಿಪ್ಲೊಮಾ ಮುಗಿಸಿ ನೇಮಕಕ್ಕೆ ಕಾಯುವ ಹುಡುಗರಿರುತ್ತಾರೆ. ದೊಡ್ಡರೋಗದಂಥದ್ದು ಮತ್ತೆ ಬಂದರೆ ಮೊದಲು ಕರೆಯಬೇಕಾದದ್ದು ಇವರನ್ನೇ. ಯಾರು ಎಲ್ಲಿದ್ದಾರೆ, ಯಾರ ಕೈ ಇನ್ನೂ ಪಳಗಿದೆ ಎಂದು ತಿಳಿಯದೆ ಕರೆಯುವುದು ಹೇಗೆ?

ಹಾಗಾದರೆ ಮಾಡಬೇಕಾದದ್ದೇನು ಎಂದರೆ, ದೊಡ್ಡ ಕಟ್ಟಡವನ್ನೇನೂ ಎಬ್ಬಿಸಬೇಕಾಗಿಲ್ಲ. 30ನೆಯ ಕಲಮಿನಡಿ ಆದೇಶ ಹೊರಡಿಸುವ ಅಧಿಕಾರ ರಾಜ್ಯದ ಕೈಯಲ್ಲೇ ಇದೆ, ಅದಕ್ಕೆ ಸಂಸತ್ತಿನವರೆಗೆ ಹೋಗಬೇಕಿಲ್ಲ. ಆ ಆದೇಶದಲ್ಲಿ ಹುದ್ದೆಯ ಹೆಸರಿನ ಜೊತೆಗೆ ವ್ಯಕ್ತಿಗಳ ಪಟ್ಟಿಯೊಂದನ್ನು ಸೇರಿಸಿದರೆ ಮೊದಲ ಹೆಜ್ಜೆ ಮುಗಿಯುತ್ತದೆ. ಡಿಪ್ಲೊಮಾ ಕಲಿಸುವ ಪಾಲಿಟೆಕ್ನಿಕ್ ಪಕ್ಕದ ಶಿಗ್ಗಾವಿಯಲ್ಲಿದೆ, ಪಶುವೈದ್ಯಕೀಯ ಕಾಲೇಜು ಗದಗಿನಲ್ಲೇ ಇದೆ, ಕುರ್ತಕೋಟಿಗೆ ಹತ್ತಿರದ ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ವರ್ಷಕ್ಕೆ ಎರಡು ದಿನ ಇಲ್ಲಿಗೆ ಬಂದು ಲಸಿಕೆಯ ಶೀತಸರಪಳಿ, ಸೂಜಿಯ ಸುರಕ್ಷತೆ, ಹೊಸ ರೋಗಗಳ ಲಕ್ಷಣ ಕಲಿತು, ಕೈಯಿಂದ ಮಾಡಿ ತೋರಿಸಿ ಸಹಿ ಹಾಕಿಸಿಕೊಂಡು ಹೋಗುವುದು ಲಸಿಕೆದಾರನಿಗಾಗಲಿ ಪಶು ಸಖಿಗಾಗಲಿ ಭಾರವಲ್ಲ. ಶುಲ್ಕ ಹೆಸರಿಗಷ್ಟೇ ಇರಲಿ, ಪುರಾವೆ ಮಾತ್ರ ಕಟ್ಟುನಿಟ್ಟಾಗಿರಲಿ. ಮೂರು ತಿಂಗಳ ತರಬೇತಿಯವನಿಗೂ ಎರಡು ವರ್ಷದ ಡಿಪ್ಲೊಮಾದವನಿಗೂ ಒಂದೇ ದರ್ಜೆ ಬೇಡ, ಕಲಿತಷ್ಟಕ್ಕೆ ತಕ್ಕ ಕೆಲಸಗಳ ಪಟ್ಟಿ ಇರಲಿ. ಕೆಲಸ ಬಿಟ್ಟವನು ಕಲಿಕೆ ಉಳಿಸಿಕೊಂಡರೆ ಹೆಸರು ಉಳಿಯಲಿ, ಕಲಿಕೆ ಬಿಟ್ಟವನು ಹುದ್ದೆಯಲ್ಲೇ ಇದ್ದರೂ ಹೆಸರು ಹೋಗಲಿ. ಈ ಎರಡನೆಯ ನಿಯಮವನ್ನು ಒಪ್ಪಿಕೊಳ್ಳುವುದು ಕಾಯಂ ನೌಕರರಿಗೆ ಕಷ್ಟವಾದೀತು. ಆದರೆ ಅದಿಲ್ಲದೆ ಮೊದಲನೆಯದಕ್ಕೆ ಬೆಲೆ ಬರುವುದಿಲ್ಲ. ಕಣಗಿನಹಾಳದ ರೈತರು 1905ರಲ್ಲಿ ಒಪ್ಪಿಕೊಂಡ ಕರಾರೂ ಇಂಥದ್ದೇ: ನೋಂದಣಿಯ ಜೊತೆಗೆ ಲೆಕ್ಕಪರಿಶೋಧನೆ ಬರುತ್ತದೆ, ಲೆಕ್ಕ ಕೊಡುವವರಿಗೇ ಸಾಲ ಹುಟ್ಟುತ್ತದೆ.